ಅಮ್ಮ ಮಾಡಿದ ಕಡುಬು

ರಾಜಧಾನಿ ಹೊನಿಯಾರಾದ ಹಡಗುಕಟ್ಟೆಯಲ್ಲಿ ಮಲೈತಾ ದ್ವೀಪಕ್ಕೆ ಹೋಗುವ ಹಡಗಿಗಾಗಿ ಸಾಲುಗಟ್ಟಿ ನಿಂತಿದ್ದೆವು. ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಹಿರಿಯಳ ಕೈಯಲ್ಲಿ ಖಾಲಿ ಬುಟ್ಟಿ.

“ನಿನ್ನ ಎಂಪಿ ತಮ್ಮ ಸಿಕ್ಕಿದ್ನಾ, ಎಲ್ಡಕ್ಕ?”

“ಸಿಕ್ಕಿದ. ಮೊದಲು ನಮ್ಮ ಮೈತ್ರಿಕೂಟದ ಎಂಪಿಗಳನ್ನ ಇಟ್ಟಿರೋ ಹೋಟೆಲಿಗೇ ಹೋದೆ. ‘ನಿಮ್ಮ ಎಂಪಿ ಬೆಳಿಗ್ಗೇನೇ ಗಂಟುಮೂಟೆ ಕಟ್ಕೊಂಡು ಗುಡ್ಡದ ಮೇಲಿನ ಹೋಟೆಲಿಗೆ ಹೋದ್ರು’ ಅಂದ ಕಾವಲಿನವನು.”

“ಅಯ್ಯೋ! ಅಲ್ಲಿರೋದು ಎದುರು ಕೂಟದವರಲ್ವಾ?”

“ಪ್ರಧಾನಿ ಆಯ್ಕೆಗೆ ಇನ್ನೆರಡೇ ದಿನ ಇತ್ತು, ನೋಯ್ಲಿನ್. ಎರಡು ದಿನ ಒಂದು ಕಡೆ ಕೂರಕ್ಕಾಗಲಿಲ್ಲ ಅವನ ಕೈಲಿ!”

“ಅಲ್ಲಿಗೇ ಹೋಗಿ ಕೇಳಿದ್ರೆ ಏನಂದ?”

“‘ಮೀನುಗಾರಿಕೆ ಖಾತೆ ಕೊಡ್ತಾರಕ್ಕ’ ಅಂದ. ಬುಟ್ಟಿ ಇಸ್ಕೊಂಡು, ನಮ್ಮ ಕೂಟದವರಿಗೆ ಅಂತ ಅಮ್ಮ ಕಳಿಸಿದ್ದ ಮರಗೆಣಸಿನ ಕಡುಬನ್ನ ನನ್ನೆದುರೇ ಆ ಎದುರು ಕೂಟದವರಿಗೆಲ್ಲ ಹಂಚಿದ.”

“‘ನನ್ನ ತಮ್ಮ ಕೂಟ ಬಿಟ್ಟು ಹೋಗೋನಲ್ಲ’ ಅಂತ ಚರ್ಚಿನಲ್ಲಿ ಎಲ್ಲರೆದುರು ಮಾತು ಕೊಟ್ಟೋಳು ನೀನು! ಊರಿಗೆ ಹೋಗಿ ಏನ್ ಹೇಳ್ತೀಯ?”

“ಊರಿಗೇನು, ರೇಡಿಯೋನೇ ಹೇಳಿರತ್ತೆ. ಅಮ್ಮನಿಗೆ ಕಿವಿ ಕೇಳಲ್ವಲ್ಲ. ಅವಳಿಗೆ ನಾನೇ ಹೇಳ್ಬೇಕು.”

“ಮಗ ಕಡುಬು ತಿಂದ ಅನ್ನು, ಸಾಕು.”

ಹಡಗು ಕೂಗಿತು. ಸಾಲು ಮುಂದೆ ಸರಿಯಿತು. ಎಲ್ಡಾ ಬುಟ್ಟಿಯನ್ನು ಎದೆಗವಚಿಕೊಂಡಳು.

“ಅಷ್ಟಕ್ಕೆ ಬಿಡ್ತಾಳಾ? ಗೆಣಸು ತುರಿದೋಳೇ ಅವಳು. ನನ್ನ ತುಟಿ ನೋಡ್ತಾ ಕೂತು, ‘ನಮ್ಮವರಲ್ಲಿ ಯಾರ್ಯಾರು ತಿಂದ್ರು, ಒಬ್ಬೊಬ್ಬರ ಹೆಸರೂ ಹೇಳು’ ಅಂತಾಳೆ.”

ಇಬ್ಬರೂ ಹಲಗೆ ಹತ್ತಿ ಹಡಗಿನೊಳಗೆ ಹೋದರು.