ಧನ್ಯಶ್ರೀಯ ಮೊಣಕಾಲು

ಕುಮಟಾದಲ್ಲಿ ಎಲುಬಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ತಾಯಿಯೊಡನೆ ಪಿಸುಗುಡುತ್ತಿದ್ದಳು. ಅವಳ ಎಡ ಮೊಣಕಾಲು ಊದಿತ್ತು.

“ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಹೇಳು, ಆಯಿ.”

“ಎಂತಕ್ಕೆ ಸುಳ್ಳು? ಚೌತಿಯಿಂದ ನೋಯ್ತದೆ ಅಂದವ್ಳು ನೀನೇ.”

“ಹಂಗಂದ್ರೆ ಇನ್ನು ಓಡೂದೇ ಬೇಡ ಅಂತಾರೆ.”

“ಓಡ್ಬೇಡ. ಕಾಲಾದ್ರೂ ಉಳೀತದೆ.”

“ಶಾಲೆ ಉಳೀತದ್ಯಾ? ಹತ್ತನೇ ಕ್ಲಾಸಿನ ರಿಸಲ್ಟ್ ಹಾಳಾಗ್ತದೆ ಅಂತ ಗಣಿತದಲ್ಲಿ ಹಿಂದಿದ್ದವ್ರನ್ನೆಲ್ಲ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸಿದ್ರು. ನನ್ನೊಬ್ಳನ್ನ ಇಟ್ಕಂಡದ್ದು ಓಟದಲ್ಲಿ ಶೀಲ್ಡ್ ತರ್ತೆ ಅಂತ.”

“ಪಿ.ಟಿ. ಮಾಸ್ತರಿಗೆ ಹೇಳ್ದ್ಯಾ?”

“ಹೇಳ್ದೆ. ಸ್ಪ್ರೇ ಹೊಡ್ದು ಮತ್ತೆ ಓಡ್ಸಿದ್ರು.”

“ನಿನ್ನ ಕ್ಲಾಸಿನ ಪ್ರಮೋದಂಗೆ ಜ್ವರ ಬಂದಾಗ ಗಣಿತದ ಮಾಸ್ತರು ಮನೆಗೇ ಹೋಗಿ ಪಾಠ ಮಾಡಿದ್ರಲ್ಲೇ.”

“ಅಂವ ಫಸ್ಟ್ ಬರೂ ಹುಡುಗ. ನಮ್ಮನೆಗೆ ಬಂದು ಎಂತ ಮಾಡ್ತಾರೆ, ನನ್ನ ಕಾಲು ಒತ್ತುತ್ರಾ?”

ತಾಯಿ ನಗಲಿಲ್ಲ.

“ಕಾಲೇ ಹೋದ್ರೆ ಎಂತ ಮಾಡ್ತೆ, ಮಗಾ?”



“ಶಿರಾಲಿಯ ಧನ್ಯಶ್ರೀ ಯಾರು?” ಎಂದು ನರ್ಸ್ ಕೂಗಿದರು.

“ಬಚ್ಚಲಲ್ಲಿ, ಆತಾ?” ಎನ್ನುತ್ತ ಅವಳು ತಾಯಿಯ ಕೈ ಹಿಡಿದು ಎದ್ದಳು. ಒಂದಿಷ್ಟೂ ಕುಂಟದೆ ಒಳಗೆ ನಡೆದಳು. ಅವಳ ಹಿಡಿತಕ್ಕೆ ತಾಯಿಯ ಬೆರಳುಗಳು ಬೆಳ್ಳಗಾಗಿದ್ದವು.