ಡಬ್ಬಿಯ ತಳದ ಚಕ್ಕುಲಿ

ಈ ಸಮಾರಂಭದ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಸನ್ಮಾನ್ಯ ಭಾವುಸಾಹೇಬರೇ, ಚಿಕ್ಕೋಡಿಯ ನಮ್ಮ ಸೂಪರ್ ಬಝಾರಿನ ಮಾಲಕರಾದ ಸಂಜಯ ಅವರೇ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಿಂದ ತಮ್ಮ ತಮ್ಮ ಚಕ್ಕುಲಿ, ಚೂಡಾ, ಚಿಪ್ಸುಗಳೊಂದಿಗೆ ಬಂದಿರುವ ತಯಾರಕ ಬಂಧುಗಳೇ, ಮೊದಲ ಸಾಲಿನಲ್ಲಿ ಕುರ್ಚಿಯ ತುದಿಗೆ ಕುಳಿತಿರುವ ನನ್ನ ಅವ್ವ ದ್ರೌಪದಿಯೇ, ಮತ್ತು ಈ ಭಾಷಣ ಮುಗಿದರೆ ಫರಾಳದ ತಿಂಡಿ ಹಂಚುತ್ತಾರೆಂದು ಹಿಂದಿನ ಬಾಗಿಲನ್ನೇ ನೋಡುತ್ತಿರುವ ಆತ್ಮೀಯ ಸಭಿಕರೇ,

ಹಂಚುತ್ತಾರೆ. ಗಾಬರಿಯಾಗಬೇಡಿ. ತಟ್ಟೆಗಳನ್ನು ನಾನೇ ನೋಡಿ ಬಂದಿದ್ದೇನೆ.

ಇಂದು ನೀವು ನನ್ನ ಹೆಗಲಿಗೆ ಶಾಲು ಹೊದಿಸಿದ್ದೀರಿ, ಕೈಗೆ ಫಲಕ ಕೊಟ್ಟಿದ್ದೀರಿ. ಫಲಕದ ಮೇಲೆ 'ಉಜ್ವಲಾ, ಮುಖ್ಯ ರುಚಿ ಪರೀಕ್ಷಕಿ' ಎಂದು ಬರೆದಿದೆ. ಹತ್ತು ವರ್ಷದ ಹಿಂದೆ ಈ ಅಂಗಡಿ ತೆರೆದಾಗ ನಾನು ಇಲ್ಲಿ ನೆಲ ಒರೆಸುತ್ತಿದ್ದೆ. ಇವತ್ತು ತಿಂದದ್ದಕ್ಕಾಗಿ ಸನ್ಮಾನ ಮಾಡಿಸಿಕೊಳ್ಳುತ್ತಿದ್ದೇನೆ. ತಿಂದು ಸನ್ಮಾನ ಮಾಡಿಸಿಕೊಂಡವರು ಈ ಐದು ತಾಲೂಕಿನಲ್ಲಿ ಮತ್ತೆ ಯಾರಿದ್ದಾರೆ? ಇದ್ದಾರೆ ಬಿಡಿ, ಬಹಳ ಜನ ಇದ್ದಾರೆ. ಆದರೆ ಅವರು ತಿಂದದ್ದು ಚಕ್ಕುಲಿಯನ್ನಲ್ಲ.

ನನ್ನ ಮಗಳು ನೀಲಮ ಎರಡು ಹಾಳೆ ಭಾಷಣ ಬರೆದುಕೊಟ್ಟಿದ್ದಾಳೆ. 'ಗುಣಮಟ್ಟವೇ ನಮ್ಮ ಧ್ಯೇಯ' ಎಂದು ಶುರುವಾಗುತ್ತದೆ, ಚೆನ್ನಾಗಿಯೇ ಇದೆ. ಓದಬೇಕೆಂದೇ ಇದ್ದೆ. ಆದರೆ ಇವತ್ತು ಮುಂಜಾನೆ ಮನೆಯಲ್ಲಿ ಒಂದು ಮಾತು ನಡೆಯಿತು. ಅದಾದ ಮೇಲೆ ಹಾಳೆಗಳನ್ನು ಮಡಚಿ ಪರ್ಸಿನಲ್ಲಿ ಇಟ್ಟುಬಿಟ್ಟೆ. ಆ ಮಾತನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಸ್ವಲ್ಪ ತಡೆದುಕೊಳ್ಳಿ.

ನನ್ನ ಕೆಲಸವೇನೆಂದು ಬಹಳ ಜನ ಕೇಳುತ್ತಾರೆ. ಸಂಕ್ರಾಂತಿಗೆ ಸಜ್ಜೆಯ ಕಡಕ್ ರೊಟ್ಟಿ ಬರುತ್ತದೆ, ಬೇಸಿಗೆಗೆ ಹಪ್ಪಳ ಸಂಡಿಗೆ, ಶ್ರಾವಣದ ಉಪವಾಸಕ್ಕೆ ಬಟಾಟಿ ಚಿಪ್ಸು, ದೀಪಾವಳಿಗೆ ಫರಾಳ. ನನ್ನ ಗೆಳತಿ ಚನ್ನವ್ವ ಒಳಗಿನ ಕೋಣೆಯಲ್ಲಿ ಪ್ಯಾಕೆಟ್ ಕತ್ತರಿಸಿ ಸ್ಟೀಲ್ ತಟ್ಟೆಗಳಿಗೆ ಸುರಿದು, ನಂಬರ್ ಚೀಟಿ ಹಚ್ಚಿ ನನ್ನ ಮುಂದೆ ತಂದಿಡುತ್ತಾಳೆ. ಯಾರದು ಯಾವುದು ನನಗೆ ಗೊತ್ತಿರುವುದಿಲ್ಲ. ನಾನು ಒಂದೊಂದನ್ನೇ ತಿನ್ನುತ್ತೇನೆ, ನಡುವೆ ಒಂದು ಮುಷ್ಟಿ ಸಪ್ಪನೆಯ ಚುರಮುರಿ ತಿಂದು ನೀರು ಕುಡಿದು ಬಾಯಿ ತೊಳೆದುಕೊಳ್ಳುತ್ತೇನೆ, ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯುತ್ತೇನೆ. ಆರಕ್ಕಿಂತ ಕಡಿಮೆ ಬಂದರೆ ಆ ಹಬ್ಬಕ್ಕೆ ಅಂಗಡಿಯ ಕಪಾಟಿನಲ್ಲಿ ಜಾಗವಿಲ್ಲ. ಇಷ್ಟೇ ಕೆಲಸ. ನೆಲ ಒರೆಸುವುದು ಇದಕ್ಕಿಂತ ಸುಲಭವಿತ್ತು.

ಈ ಕೆಲಸ ಸಿಕ್ಕದ್ದು ಸೇಂಗಾದಿಂದ. ಒಂದು ದಿನ ಕಸ ಗುಡಿಸುವಾಗ ಚೀಲದ ಹತ್ತಿರ ಬಿದ್ದಿದ್ದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಚನ್ನವ್ವಾ, ಈ ಸೇಂಗಾ ಮಳಿಗೆ ತೊಯ್ದ ಒಣಗಿದ್ದೈತಿ ನೋಡ" ಎಂದೆ. ಮಾಲಕರು ಹಿಂದೆಯೇ ನಿಂತಿದ್ದರು. ಚೀಲ ಬೋರಲು ಹಾಕಿಸಿದರೆ ತಳದಲ್ಲಿ ಬೂಸು ಹಿಡಿದಿತ್ತು. "ನಾಳಿಂದ ಕಸಬರಗಿ ಬಿಡು, ಟೇಬಲ್ಲಿಗೆ ಕೂಡ್ರು" ಎಂದರು.

ಕೂತೆ. ಆ ದೀಪಾವಳಿಗೆ ಇಪ್ಪತ್ಮೂರು ತಟ್ಟೆ ಬಂದವು. ನಾನು ಇಪ್ಪತ್ಮೂರಕ್ಕೂ ಹತ್ತಕ್ಕೆ ಹತ್ತು ಕೊಟ್ಟೆ! ನಗಬೇಡಿ. ನಿಮ್ಮ ಮನೆಗಳಲ್ಲಿ ಕಲಿಸಿದ್ದೇನು? ತಿನ್ನುವ ಪದಾರ್ಥಕ್ಕೆ ಹೆಸರಿಡಬಾರದು, ಕೊರತೆ ಎತ್ತಿ ಆಡಬಾರದು, ಹೌದಲ್ಲವೇ? ಬೀಗರ ಮನೆಯಲ್ಲಿ ಸಾರು ಸಮುದ್ರದಷ್ಟು ಉಪ್ಪಾಗಿದ್ದರೂ "ಭಾಳ ಚಲೋ ಆಗೈತ್ರಿ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡು ಬರುವವರಲ್ಲವೇ ನಾವು? ಚೀಲದಲ್ಲಿನ ಸೇಂಗಾಕ್ಕೆ ಏನಾದರೂ ಅನ್ನಬಹುದು, ಅದು ಮಾರುವ ಸಾಮಾನು. ತಟ್ಟೆಗೆ ಬಂದದ್ದು ಅನ್ನ.

ಆಮೇಲೆ ಏನಾಯಿತು? ಹಬ್ಬ ಮುಗಿಯುವುದರೊಳಗೆ ಗಿರಾಕಿಗಳು ಪ್ಯಾಕೆಟ್ ಹಿಡಿದು ಸಾಲು ನಿಂತರು. ಒಬ್ಬ ಅಜ್ಜಿಯಂತೂ ಕರಚಿಕಾಯಿಯನ್ನು ಕೌಂಟರಿನ ಮೇಲೆ ಕುಟ್ಟಿ ತೋರಿಸಿದರು. ಕೌಂಟರಿನ ಗಾಜು ಸೀಳಿತು, ಕರಚಿಕಾಯಿ ಸೀಳಲಿಲ್ಲ. ಮಾಲಕರು ನನ್ನನ್ನು ಕರೆದರು. "ನಾ ಟೇಬಲ್ಲಿಗೆ ಕೂಡ್ರಿಸಿದ್ದು ನಿನ್ನ ನಾಲಿಗೀನ, ನಿಮ್ಮವ್ವನ ಬುದ್ಧಿಮಾತನ್ನಲ್ಲ. ಮುಂದಿನ ಸಲ ಖರೇ ಹೇಳು. ಇಲ್ಲಂದ್ರ ಕಸಬರಗಿ ಅಲ್ಲೇ ಮೂಲ್ಯಾಗ ಐತಿ."

ಅವ್ವನ ಬುದ್ಧಿಮಾತು ಎಂದರಲ್ಲ, ಅದನ್ನು ಹೇಳಲೇಬೇಕು. ನೀಲಮನ ಹಾಳೆಯಲ್ಲಿ ಇದು ಇಲ್ಲ.

ನಮ್ಮದು ಭೋಜ ಊರಿನ ಆಚೆಗಿನ ಒಂದು ಸಣ್ಣ ವಸ್ತಿ. ಅವ್ವ ಅಲ್ಲಿನ ಜಮೀನುದಾರರ ದೊಡ್ಡ ಮನೆಯಾದ ವಾಡೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ದೀಪಾವಳಿಗೆ ವಾಡೆಯಲ್ಲಿ ಡಬ್ಬಿಗಟ್ಟಲೆ ಫರಾಳ ಮಾಡುತ್ತಿದ್ದರು. ನಮ್ಮ ಪಾಲಿನದು ಬರುತ್ತಿದ್ದದ್ದು ತುಳಸಿ ಲಗ್ನ ಮುಗಿದ ಮೇಲೆ, ಅಂದರೆ ಕರಿದು ಹನ್ನೆರಡು ದಿನದ ನಂತರ, ಡಬ್ಬಿ ತೊಳೆಯಲು ತೆಗೆದಾಗ. ಅವ್ವ ಸೆರಗು ಒಡ್ಡುತ್ತಿದ್ದಳು, ಅವರು ಮೇಲಿನಿಂದ ಸುರಿಯುತ್ತಿದ್ದರು. ಮೇಲಿನಿಂದ ಏಕೆ ಎಂದು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನಗೆ ಒಂಬತ್ತು ವರ್ಷ. ಅಂಗಳದಲ್ಲೇ ಒಂದು ಚಕ್ಕುಲಿ ಕಚ್ಚಿ, "ಅವ್ವಾ, ಇದು ಕಮಟ ವಾಸನಿ ಬರ್ತೈತಿ" ಎಂದುಬಿಟ್ಟೆ, ಎಲ್ಲರಿಗೂ ಕೇಳುವಂತೆ. ಅವ್ವ ಬಾಯಿಯ ಮೇಲೇ ಒಂದು ಕೊಟ್ಟಳು. "ಕೊಟ್ಟದ್ದಕ್ಕ ಹೆಸರ ಇಡ್ತಿಯೇನ? ತಿನ್ನ ಸುಮ್ಮನ!" ಎಂದಳು. ಆಮೇಲೆ ವಾಡೆಯ ಒಡತಿಯವರ ಮುಂದೆಯೇ ತಾನೂ ಒಂದು ಬಾಯಿಗೆ ಹಾಕಿಕೊಂಡು, "ಭಾಳ ಚಲೋ ಆಗ್ಯಾವ್ರಿ ಅವ್ವಾರ" ಎಂದು ನಕ್ಕಳು. ಇಡೀ ದಾರಿ ಅಗಿಯುತ್ತ ಬಂದಳು. ಆ ದಿನ ನಾನು ಒಂದು ತೀರ್ಮಾನಕ್ಕೆ ಬಂದೆ. ನನ್ನ ಅವ್ವನಿಗೆ ರುಚಿಯೇ ಗೊತ್ತಾಗುವುದಿಲ್ಲ, ಪಾಪ. ಮೂವತ್ತು ವರ್ಷಕ್ಕೂ ಮೇಲೆ ಹಾಗೆಯೇ ನಂಬಿದ್ದೆ.

ಆದರೆ ನಾನು ಕಲಿತೆ. ಯಾವ ಎಣ್ಣೆ ಎಷ್ಟನೆಯ ಸಲ ಕಾದದ್ದು, ಯಾವ ಚಕ್ಕುಲಿ ಡಬ್ಬಿಯಲ್ಲಿ ಎಷ್ಟು ದಿನ ಕೂತದ್ದು, ಮುಚ್ಚಳ ಸರಿಯಿತ್ತೋ ಇಲ್ಲವೋ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ನನಗೆ ಪ್ರತಿ ವರ್ಷ ಪುಕ್ಕಟೆ ಕಲಿಸಿದರು.

ಹಾಗಾಗಿ ಎರಡನೆಯ ವರ್ಷ ಮಾಲಕರಿಗೆ ಒಂದು ಮಾತು ಹೇಳಿದೆ. "ಮಾಲಕರ, ಪ್ಯಾಕೆಟ್ ಬಂದ ದಿನಾನ ಒಡಿಯೂದ ಬ್ಯಾಡ್ರಿ. ಹನ್ನೆರಡ ದಿವಸ ಇಟ್ಟ ಆಮ್ಯಾಲ ಒಡಿಯೂಣು. ಬಾಣಲಿ ಮುಂದ ಕುಂತ ತಿಂದ್ರ ಎಲ್ಲಾರ ಚಕ್ಲೀನೂ ಚಲೋನ ಇರ್ತಾವ." ಮೊದಲು ನಕ್ಕರು, ಆಮೇಲೆ ಒಪ್ಪಿದರು. ಈಗ ಐದು ತಾಲೂಕಿನ ತಯಾರಕರು ಹನ್ನೆರಡು ದಿನದ ಪರೀಕ್ಷೆ ಎಂದು ಹೆದರುತ್ತೀರಲ್ಲ, ಅದು ಹುಟ್ಟಿದ್ದು ಹೀಗೆ. ನನ್ನನ್ನು ಬೈಯಬೇಡಿ, ವಾಡೆಯ ಡಬ್ಬಿಯನ್ನು ಬೈಯಿರಿ.

ಆ ವರ್ಷ ಏಳನೆಯ ತಟ್ಟೆಯ ಚಕ್ಕುಲಿ ಕಚ್ಚಿದೆ. ಸಭಿಕರೇ, ಕೂತದ್ದು ಚಿಕ್ಕೋಡಿಯಲ್ಲಿ, ಫ್ಯಾನಿನ ಕೆಳಗೆ. ಆದರೆ ತುಟಿ ಚುರ್ ಎಂದಿತು, ಅವ್ವ ಈಗಷ್ಟೇ ಹೊಡೆದ ಹಾಗೆ. ಅದೇ ವಾಸನೆ, ಅದೇ ಕಮಟು. ಎರಡು ಅಂಕ ಬರೆದೆ. ಚನ್ನವ್ವ ಚೀಟಿ ಬಿಚ್ಚಿ ಹೆಸರು ಓದಿದಳು. ನಮ್ಮ ವಸ್ತಿಯ ಅದೇ ವಾಡೆ. ಸೊಸೆಯವರು ಹೊಸದಾಗಿ ಶುರು ಮಾಡಿದ ಗೃಹೋದ್ಯೋಗ. ಮನೆಯ ಯಜಮಾನರು ಭಾವುಸಾಹೇಬರು.

ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ. ಕುಡಿಯಿರಿ ಸಾಹೇಬರೇ, ಇನ್ನೂ ಸ್ವಲ್ಪ ಇದೆ.

ನನ್ನ ತಮ್ಮ ಲಖನ ಅವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವ್ವ ಇದ್ದ ಮನೆ ನಿಂತಿದ್ದು ಅವರ ಜಾಗದಲ್ಲಿ. ಮಾಲಕರು ಮೆಲ್ಲಗೆ ಬಂದು, "ದೊಡ್ಡವರ ಮನಿ ಉಜ್ವಲಾ. ಎರಡರ ಬದಲಿ ಆರ ಮಾಡಿಬಿಡು" ಎಂದರು. ಮಾಲಕರೇ, ತಲೆ ತಗ್ಗಿಸಬೇಡಿ, ನೀವು ನನ್ನ ಒಳ್ಳೆಯದಕ್ಕೇ ಹೇಳಿದಿರಿ. ಸುದ್ದಿ ಹೇಗೋ ಲಖನನಿಗೂ ಮುಟ್ಟಿತು. ಫೋನಿನಲ್ಲಿ, "ಅಕ್ಕಾ, ಒಂದ ಚಕ್ಲಿ ಸಂಬಂಧ ನನ್ನ ಕೆಲಸ ಕಳಿತಿಯೇನ? ಅವ್ವನ್ನ ಎಲ್ಲಿ ಇಡೂಣು?" ಎಂದ.

ನಾನು ಧೈರ್ಯಶಾಲಿ ಎಂದು ಈಗ ನಿರೂಪಕರು ಹೊಗಳಿದರು. ಸುಳ್ಳು. ಏಳನೆಯ ತಟ್ಟೆಯಿಂದ ಇನ್ನೊಂದು ತುಂಡು ತೆಗೆದುಕೊಂಡೆ, ಇದಾದರೂ ಆರು ಇರಲಿ ಎಂದು. ಎರಡೇ ಇತ್ತು. ಮತ್ತೊಂದು ತಿಂದೆ. ಎರಡೇ. ಒಂಬತ್ತು ವರ್ಷದ ಹುಡುಗಿ ಹೇಳಿದ್ದು ಸುಳ್ಳಲ್ಲ ಎಂದ ಮೇಲೆ ನಲವತ್ತರ ಹೆಂಗಸು ಹೇಗೆ ಅಳಿಸಲಿ? ಎರಡು ಹಾಗೆಯೇ ಉಳಿಯಿತು. ಕೆಳಗೆ ಬರೆದೆ: ಹಿಟ್ಟು ಚಲೋ, ಕೈ ಚಲೋ, ಎಣ್ಣೆ ಹಳೆಯದು.

ಮೂರನೆಯ ದಿನ ಅಂಗಡಿಯ ಮುಂದೆ ಬಿಳಿ ಕಾರು ನಿಂತಿತು. ಮಾಲಕರಿಗೆ ಇದ್ದಕ್ಕಿದ್ದಂತೆ ಗೋದಾಮಿನಲ್ಲಿ ಕೆಲಸ ನೆನಪಾಯಿತು. ಭಾವುಸಾಹೇಬರು ಒಳಗೆ ಬಂದು, "ಎರಡ ಕೊಟ್ಟಾಕಿ ಯಾರು?" ಎಂದರು. ನಾನು ಮುಂದೆ ಹೋದೆ.

"ನಾನ್ರಿ."

"ದ್ರೌಪದಿ ಮಗಳಲ್ಲ ನೀನು? ಐವತ್ತ ವರ್ಷದಿಂದ ಊರೆಲ್ಲಾ ನಮ್ಮನಿ ಫರಾಳ ತಿಂದೈತಿ. ಒಬ್ಬರೂ ಕೆಟ್ಟೈತಿ ಅಂದಿಲ್ಲ."

"ಅಂದಾಕಿ ನಾ ಒಬ್ಬಾಕಿ ಇದ್ನಿರಿ ಸಾಹೇಬ್ರ. ನಿಮ್ಮ ಅಂಗಳದಾಗನ ಬಾಯಿ ಮ್ಯಾಲ ಏಟ ತಿಂದ್ನಿ. ನೀವು ಬಾಣಲಿ ಮುಂದಿನವು ತಿಂದ್ರಿ, ನಾವು ಡಬ್ಬಿ ತಳದವು ತಿಂದ್ವಿ. ಗಿರಾಕಿ ಮನಿಗೆ ಹೋಗೂವೂ ಡಬ್ಬಿ ತಳದವರಿ."

ಇಷ್ಟು ಹೇಳಿ ಏಳನೆಯ ತಟ್ಟೆ ತಂದು ಅವರ ಕೈಗೆ ಕೊಟ್ಟೆ. ಮೇಲಿನಿಂದ ಸುರಿಯಲಿಲ್ಲ, ಕೈಗೇ ಕೊಟ್ಟೆ. ಅವರು ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ನುಂಗಲಾಗಲಿಲ್ಲ. ಹೊರಗೆ ಹೋಗಿ ಕಾರಿನ ಗಾಲಿಯ ಹತ್ತಿರ ಉಗುಳಿ, ಬಾಯಿ ಮುಕ್ಕಳಿಸಿ, ಕಾರು ಹತ್ತಿ ಹೊರಟುಹೋದರು.

ಲಖನನ ಕೆಲಸ ಹೋಗಲಿಲ್ಲ. ಅವ್ವನ ಮನೆಯೂ ಹೋಗಲಿಲ್ಲ, ಆಮೇಲೆ ನಾನೇ ಅವಳನ್ನು ಚಿಕ್ಕೋಡಿಗೆ ಕರೆತಂದೆ. ಮರುವರ್ಷ ವಾಡೆಯವರು ಹೊಸ ಎಣ್ಣೆ ಹಾಕಿದರು, ಎಂಟು ಬಂತು. ಈ ವರ್ಷ ಹನ್ನೊಂದನೆಯ ತಟ್ಟೆಗೆ ಒಂಬತ್ತೂವರೆ ಕೊಟ್ಟೆ, ಮೊದಲ ಬಹುಮಾನ. ಚೀಟಿ ಬಿಚ್ಚಿದರೆ ಅದೂ ವಾಡೆಯದೇ! ಅದಕ್ಕಾಗಿಯೇ ಭಾವುಸಾಹೇಬರು ಇಂದು ಆ ಕುರ್ಚಿಯಲ್ಲಿ ಇದ್ದಾರೆ. ಅವರು ನನ್ನ ಮುಂದೆ ತಪ್ಪಾಯಿತು ಎನ್ನಲಿಲ್ಲ, ನಾನೂ ಅದಕ್ಕಾಗಿ ಕಾಯಲಿಲ್ಲ. ಒಳ್ಳೆಯ ಎಣ್ಣೆ ಹಾಕಿದರು, ಅದನ್ನೇ ಉತ್ತರವೆಂದು ತೆಗೆದುಕೊಂಡಿದ್ದೇನೆ. ಇವತ್ತು ಈ ಅಂಗಡಿಯಲ್ಲಿ ಯಾವ ದೊಡ್ಡ ಮನೆಯ ಪ್ಯಾಕೆಟ್ಟೂ ನನ್ನ ಹಲ್ಲು ದಾಟದೆ ಕಪಾಟು ಹತ್ತುವುದಿಲ್ಲ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಯಾಕೆ ಮುಚ್ಚಿಡಲಿ?

ಈಗ ಮುಂಜಾನೆಯ ಮಾತು.

ಮೊದಲ ಬಹುಮಾನದ ಅದೇ ಚಕ್ಕುಲಿಯನ್ನು ತಟ್ಟೆಯಲ್ಲಿಟ್ಟು ಅವ್ವನಿಗೆ ಕೊಟ್ಟೆ. "ಹೆಂಗೈತಿ ಅವ್ವಾ?" ಎಂದೆ. ಚಲೋ ಐತಿ ಎನ್ನುತ್ತಾಳೆಂದು ಗೊತ್ತಿತ್ತು, ಎಪ್ಪತ್ತು ವರ್ಷ ಎಲ್ಲದಕ್ಕೂ ಅದನ್ನೇ ಅಂದವಳು. ಅವಳು ಅರ್ಧ ತಿಂದಳು. ಉಳಿದರ್ಧವನ್ನು ತಟ್ಟೆಯಲ್ಲಿ ಇಟ್ಟು ದೂರ ಸರಿಸಿದಳು. ಅವ್ವ ತಟ್ಟೆಯಲ್ಲಿ ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

"ಉಪ್ಪ ಕಮ್ಮಿ ಆಗೈತಿ. ಅಜಿವಾನದ ಕಾಳ ಕೈಯಾಗ ತಿಕ್ಕಿ ಹಾಕಿಲ್ಲ, ಇಡೀವ ಬಿದ್ದಾವ. ಇದಕ್ಕ ಒಂಬತ್ತೂವರಿ ಹೆಂಗ ಕೊಟ್ಟಿ ನೀ?"

ನಾನು ಅವಳ ಮುಂದೆಯೇ ಕುಳಿತುಬಿಟ್ಟೆ. "ಅವ್ವಾ, ನಿನಗ ರುಚಿ ತಿಳಿತೈತಿ?"

"ಯಾಕ, ನನಗೇನ ನಾಲಿಗಿ ಇಲ್ಲೇನ? ಅವತ್ತ ಅಂಗಳದಾಗೂ ತಿಳಿದಿತ್ತು. ನೀ ಅನ್ನೂಕಿಂತ ಮೊದಲ ವಾಸನಿ ಬಂದಿತ್ತು ನನಗ. ಅಂದಿದ್ರ ಮರುದಿನ ಕೆಲಸಕ್ಕ ಕರೀತಿದ್ರೇನ? ನಿನ್ನ ಹೊಡದ ಕೈ ಇನ್ನೂ ಉರಿತೈತಿ ನನಗ."

ನಾನು ಅಳಲಿಲ್ಲ. ಸುಳ್ಳೇಕೆ, ಸ್ವಲ್ಪ ಅತ್ತೆ. ಆಮೇಲೆ ಅವಳು ಬಿಟ್ಟ ಆ ಅರ್ಧ ಚಕ್ಕುಲಿ ತಿಂದು ನೋಡಿದೆ. ಸಭಿಕರೇ, ಉಪ್ಪು ಕಡಿಮೆಯೇ ಇತ್ತು!

ಆದ್ದರಿಂದ ಸನ್ಮಾನ್ಯ ಅಧ್ಯಕ್ಷರೇ, ಬಹುಮಾನ ನಿಮ್ಮ ಸೊಸೆಯವರದೇ, ಅದನ್ನು ಕಿತ್ತುಕೊಳ್ಳುವುದಿಲ್ಲ. ಆದರೆ ಅರ್ಧ ಅಂಕ ಕಡಿತವಾಗಿದೆ. ಒಂಬತ್ತು. ಕಡಿತ ಮಾಡಿದವರು ನಾನಲ್ಲ, ಮೊದಲ ಸಾಲಿನಲ್ಲಿ ಕುಳಿತಿದ್ದಾರೆ, ತಕರಾರಿದ್ದರೆ ಅವರನ್ನೇ ಕೇಳಿ. ಮಾಲಕರೇ, ಈ ಸಂಕ್ರಾಂತಿಯಿಂದ ಪರೀಕ್ಷೆಯ ಟೇಬಲ್ಲಿಗೆ ಎರಡು ಕುರ್ಚಿ ಹಾಕಿಸಿ. ನನ್ನದು ಎರಡನೆಯದು.

ಅವ್ವಾ, ಕುರ್ಚಿ ತುದಿಗೆ ಯಾಕ ಕುಂತಿ? ಹಿಂದಕ್ಕ ಸರಿ, ಬೆನ್ನ ಹಚ್ಚಿ ಆರಾಮ ಕೂಡ್ರು.

ಬಂಧುಗಳೇ, ಬಾಗಿಲಲ್ಲಿ ತಟ್ಟೆಗಳು ಬಂದಿವೆ. ಹೊಟ್ಟೆ ತುಂಬ ತಿನ್ನಿರಿ. ಚಲೋ ಇದ್ದರೆ ಚಲೋ ಎನ್ನಿರಿ, ಕೆಟ್ಟಿದ್ದರೆ ಗಟ್ಟಿಯಾಗಿ ಕೆಟ್ಟಿದೆ ಎನ್ನಿರಿ. ಇಲ್ಲಿ ಯಾರೂ ಬಾಯಿಯ ಮೇಲೆ ಹೊಡೆಯುವುದಿಲ್ಲ. ಹಸಿದುಕೊಂಡೂ ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ಜೈಭೀಮ. ನಮಸ್ಕಾರ.