ಸದ್ದಿಲ್ಲದ ಗೇರ್ ಬಾಕ್ಸ್

ಅಯ್ಯೋ, ಅಷ್ಟು ತುಳೀಬೇಡ ಕಣೇ! ವ್ಯಾನ್ ಸ್ಟ್ಯಾಂಡ್ ಮೇಲಿದೆ, ಹಿಂದಿನ ಚಕ್ರ ಎರಡೂ ಗಾಳಿಯಲ್ಲಿವೆ. ನಿಧಾನ... ನಿಧಾನ... ಹಾಂ, ಸಾಕು. ಈಗ ಗೇರ್ ತೆಗೆದು ಹಾಗೇ ಬಿಡು. ಕೇಳಿಸ್ತಾ? ಗರ್ರ್ ಅಂತ... ಗಂಟಲಲ್ಲಿ ಕಫ ಇಟ್ಕೊಂಡು ಯಾರೋ ಮಾತಾಡಿದ ಹಾಗೆ? ಕ್ಲಚ್ ತುಳಿ. ನೋಡು, ನಿಂತೋಯ್ತು! ಬಿಡು... ಮತ್ತೆ ಬಂತು. ಅಷ್ಟೇ. ಬೇರಿಂಗ್ ಹೋಗಿದೆ. ಇದಕ್ಕೆ ನನ್ನ ಕಿವಿ ಯಾಕೆ ಬೇಕಿತ್ತು, ಯಾವ ಮೆಕ್ಯಾನಿಕ್ ಆದ್ರೂ ಹೇಳ್ತಿದ್ದ.

ಯಾಕೆ ನಗ್ತೀಯ? ಗೇರ್ ಬಾಕ್ಸಿಗೆ ಸ್ಕ್ರೂಡ್ರೈವರ್ ಆನಿಸಿ ಅದರ ಹಿಡಿಗೆ ಕಿವಿ ಹಚ್ಚಿದ್ದಕ್ಕಾ? ನಗು, ನಗು. ನಿಮ್ಮ ದೊಡ್ಡಪ್ಪನೂ ಮೊದಮೊದಲು ಹೀಗೇ ನಗ್ತಿದ್ರು. ಆಮೇಲೆ ಗಿರಾಕಿಗಳೇ, "ಯಜಮಾನರು ಆಮೇಲೆ ಬರಲಿ, ಮೊದಲು ಅಮ್ಮನ್ನ ಕರೀರಿ" ಅನ್ನೋಕೆ ಶುರು ಮಾಡಿದ್ರು. ಹಲ್ಲು ಮುರಿದ ಗೇರ್ ಟಕ್ ಟಕ್ ಅನ್ನುತ್ತೆ, ಸುತ್ತಿಗೊಂದು ಸಲ. ಎಣ್ಣೆ ಕಮ್ಮಿಯಾದ್ರೆ ಕುಂಯ್ ಅಂತ ಅಳುತ್ತೆ. ನಲವತ್ತು ವರ್ಷ ಈ ಶೆಡ್ಡಲ್ಲಿ ನಾನು ಕೇಳಿದ್ದು ಅದನ್ನೇ.

...ನೀನು ನಗ್ತಿರಲಿಲ್ಲ, ಅಲ್ವಾ.

ಆಫ್ ಮಾಡು. ಇಳಿ. ಆ ಕಡೆಯಿಂದ ಬೇಡ, ಆ ಕಡೆ ಬಾಗಿಲು ಎಲ್ಲಿದೆ... ನಿಮ್ಮಮ್ಮ ಕೂತಿದ್ದ ಕಡೆ ತಗಡು ಪೂರ್ತಿ ಒಳಗೆ ಬಂದುಬಿಟ್ಟಿದೆ. ಅತ್ತ ನೋಡಬೇಡ ಮಗಳೇ. ನಾನೂ ನೋಡಲ್ಲ. ಮೂರು ವಾರದಿಂದ ಈ ಗಾಡಿಗೆ ಬೆನ್ನು ಹಾಕ್ಕೊಂಡೇ ಓಡಾಡ್ತಿದ್ದೀನಿ. ನನಗಿದ್ದವಳು ಒಬ್ಬಳೇ ತಂಗಿ.

ಸರಿ, ನೀನು ಕೇಳೋಕೆ ಬಂದಿದ್ದು ಒಂದೇ ವಿಷಯ. ಅಪ್ಪನ ತಪ್ಪಾ, ಗಾಡಿ ತಪ್ಪಾ? ಪೊಲೀಸರಿಗೆ ಹೇಳಿದ್ದನ್ನೇ ನಿನಗೂ ಹೇಳ್ತೀನಿ. ಇಳಿಜಾರು. ಮುಂದೆ ತಿರುವು. ನಾಲ್ಕನೇ ಗೇರಲ್ಲಿ ಬಂದವರು ಗಾಬರಿಯಲ್ಲಿ ಮೂರರ ಬದಲು ಒಂದಕ್ಕೆ ಎಳೆದುಬಿಟ್ರು. ಅಷ್ಟು ವೇಗದಲ್ಲಿ ಒಂದನೇ ಗೇರ್ ಬಿದ್ರೆ ಹಿಂದಿನ ಚಕ್ರದ ಹಿಡಿತ ಉಳಿಯುತ್ತಾ? ಜಾರಿತು, ಹಳ್ಳಕ್ಕೆ ಹೋಯ್ತು. ಬೇರಿಂಗ್ ಪುಡಿಯಾಗಿದ್ದೂ ಆ ಏಟಿಗೇ. ನಿಮ್ಮಪ್ಪ ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಗೇರ್ ಹಾಕೋದು ಮಾತ್ರ ಪಾಯಸ ಕಲಸಿದ ಹಾಗೆ! ನಿಮ್ಮಮ್ಮನೇ ಹೇಳ್ತಿದ್ಲು.

ಏನು? ಮೊದಲ ದಿನ ಆಸ್ಪತ್ರೆಯಲ್ಲಿ "ನಾನು ಗೇರ್ ಮುಟ್ಟಲೇ ಇಲ್ಲ, ಚಕ್ರ ತಾನಾಗೇ ಕಚ್ಕೊಂಡುಬಿಡ್ತು" ಅಂದ್ರು, ಗೊತ್ತು. ಮೊದಲ ದಿನ ಎಲ್ಲರೂ ಹಾಗೇ ಅನ್ನೋದು. ಈಗ ಅವರೇ ಒಪ್ಕೊಂಡಿದ್ದಾರಲ್ಲ. "ಹೌದು ಅಕ್ಕ, ನಾನೇ ಎಳೆದಿರಬೇಕು" ಅಂತ ನನ್ನ ಕೈ ಹಿಡ್ಕೊಂಡು ಅತ್ತರು... ನಾನು ಸಮಾಧಾನ ಮಾಡಿದೆ. ಊಟ ಬಿಟ್ಟಿದ್ದಾರೆ ಅಂತೀಯ. ಬಿಡ್ತಾರೆ, ಮತ್ತೆ ಮಾಡ್ತಾರೆ. ಕಾಲ ಬೇಕು.

ಏನು ಹುಡುಕ್ತಿದ್ದೀಯ ಅಲ್ಲಿ? ಟ್ರೇ ಯಾಕೆ?

ಬೇಡ. ಗೇರ್ ಬಾಕ್ಸ್ ಎಣ್ಣೆ ಇಳಿಸೋದೇನೂ ಬೇಡ, ಸುಮ್ಮನೆ ಬಟ್ಟೆ ಹಾಳು. ಎಂಜಿನ್ ಈಗ ತಾನೇ ಓಡಿದೆ, ಕೈ ಸುಟ್ಕೋತೀಯ. ಆ ಬೋಲ್ಟ್ ತುಕ್ಕು ಹಿಡಿದಿದೆ, ನಿನ್ನ ಕೈಗೆ ಬರಲ್ಲ... ಏಳು ಮೇಲೆ. ದೊಡ್ಡಮ್ಮ ಹೇಳ್ತಿದ್ದೀನಿ, ಏಳು! ಚಿಕ್ಕವಳಿದ್ದಾಗ ಒಂದು ಮಾತು ಹೇಳಿದ್ರೆ ಕೇಳ್ತಿದ್ದೆ... ಮೊಂಡಿ. ಅಮ್ಮನ ಥರಾನೇ ಮೊಂಡಿ.

ಬಂತಾ... ನೋಡಿದೆಯಾ, ಕಪ್ಪು ಎಣ್ಣೆ. ಹಳೇ ಗಾಡಿ ಅಂದ್ಮೇಲೆ ಕಪ್ಪಗೇ ಇರುತ್ತೆ. ಗಟ್ಟಿಯಾಗಿದೆ, ಹೌದು, ಗಂಜಿ ಥರ. ಕಬ್ಬಿಣದ ಪುಡಿ ಅದು, ಬೇರಿಂಗ್ ಸವೆದು... ಅಯಸ್ಕಾಂತ ಯಾಕೆ? ಎಲ್ಲಿಂದ ತಂದೆ ಅದನ್ನ?

ಅಂಟಲಿಲ್ಲ. ಸ್ವಲ್ಪ ಅಂಟಿತು, ಉಳಿದದ್ದು... ಬೆರಳಲ್ಲಿ ಉಜ್ಜಬೇಡ. ಮೂಸಬೇಡ. ಒಳಗೆ ಏನೇನೋ ಕಸ ಸೇರಿರುತ್ತೆ ಕಣೇ, ಎಲೆ, ಧೂಳು... ಎಲ್ಲ ಕಡೆ ಮುಚ್ಚಿರೋ ಪೆಟ್ಟಿಗೆಗೆ ಎಲೆ ಹೇಗೆ ಹೋಗುತ್ತೆ ಅಂತ ಕೇಳು, ಕೇಳಬಾರದಾ? ನನ್ನ ಅಂಗೈ ಬಿಡಿಸಿ ಅದನ್ನ ಯಾಕೆ ಇಡ್ತೀಯ... ಬೇಡ... ಬೇಡ ಅಂದೆ.

ಹೌದು. ಮರದ ಹೊಟ್ಟು.

ಬಯ್ಯಿ. ಏನಾದ್ರೂ ಅನ್ನು.

ಎದುರು ಬಡಗಿ ಅಂಗಡಿಯಿಂದ ಎರಡು ಹಿಡಿ, ಅಷ್ಟೇ. ಈ ಕಸುಬಿನಲ್ಲಿ ಇರೋರಿಗೆಲ್ಲ ಗೊತ್ತು. ಹಳೇ ಗಾಡಿ ಮಾರೋರು ಮಾಡ್ತಾರೆ. ಎಣ್ಣೆಗೆ ಹೊಟ್ಟು ಬೆರೆಸಿದ್ರೆ ಎಂಥ ಗೇರ್ ಬಾಕ್ಸೂ ಮೂಗನ ಹಾಗೆ ಬಾಯಿ ಮುಚ್ಕೊಳ್ಳುತ್ತೆ. ಸ್ವಲ್ಪ ದಿನ. ನಾನು ಮಾರಲಿಲ್ಲ ಕಣೇ! ತಂಗಿಗೆ ಸುಮ್ಮನೆ ಕೊಟ್ಟೆ. ಅವಳಿಗೆ ಈ ಗಾಡಿ ಅಂದ್ರೆ ಪ್ರಾಣ. ಒಳಗೆ ಹಾಸಿಗೆ ಇದೆ, ಒಲೆ ಇದೆ, ಪರದೆ ನಾನೇ ಹೊಲೀತೀನಿ ಅಂತ ಕುಣಿದಾಡಿದ್ಲು. "ಅಕ್ಕ, ಈ ಗರ್ರ್ ಒಂದು ನಿಲ್ಲಿಸಿಕೊಡು, ನಿನ್ನ ಕೈಯಲ್ಲಿ ಆಗದ್ದೇನಿದೆ" ಅಂದ್ಲು. ಆಗ್ತಿರಲಿಲ್ಲ. ಗೇರ್ ಬಾಕ್ಸ್ ಇಳಿಸೋದಿರಲಿ, ಬೆಳಿಗ್ಗೆ ಹೊತ್ತು ಈ ಬೆರಳುಗಳು ಲೋಟ ಹಿಡಿಯಲ್ಲ. ಅದನ್ನ ಬಾಯಿಬಿಟ್ಟು ಹೇಳೋಕೆ ನನಗೆ... ಒಂದು ಸಂಜೆಯಲ್ಲಿ ಮಾಡಿ ಮುಗಿಸಿದೆ. ಕೀ ತಿರುಗಿಸಿ ಅವಳು ಹೇಗೆ ಕಣ್ಣರಳಿಸಿದ್ಲು ಗೊತ್ತಾ? ಕೆರೆ ದಂಡೆಗೆ ಹೋಗಿ ಬರ್ತಾರೆ, ಮನೆ ಮುಂದೆ ನಿಲ್ಲಿಸ್ಕೋತಾರೆ ಅಂದ್ಕೊಂಡೆ. ಬೆಟ್ಟ ಹತ್ತಿಸ್ತಾರೆ ಅಂತ... ಅವಳು ಫೋನ್ ಮಾಡಿ ಹೇಳಿದ್ಲು, ಹೇಳಲಿಲ್ಲ ಅನ್ನಲ್ಲ. ಹೊರಡೋ ಹಿಂದಿನ ದಿನ. ಬೇಡ ಅನ್ನೋಕೆ ಬಾಯಿ ತೆಗೆದೆ. ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ಲಲ್ಲ. "ಹುಷಾರಾಗಿ ಹೋಗಿ ಬಾ" ಅಂದೆ.

ಹೊಟ್ಟು ಬೇರಿಂಗಿಗೆ ಎಣ್ಣೆ ಹೋಗೋ ದಾರಿ ಮುಚ್ಚಿಬಿಡುತ್ತೆ. ಕಾದು ಕಾದು ಕಚ್ಕೊಳ್ಳುತ್ತೆ, ಚಕ್ರಾನೂ ಹಿಡಿದುಬಿಡುತ್ತೆ. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಮತ್ತೆ ತಿರುಗುತ್ತೆ.

ಯಾರಿಗೆ ಫೋನ್? ಅಪ್ಪನಿಗಾ? ತಡಿ... ನಾಳೆ ನಾನೇ ಆಸ್ಪತ್ರೆಗೆ ಬಂದು, ಎದುರು ಕೂತು... ನನ್ನ ಕೈಗೆ ಯಾಕೆ ಕೊಡ್ತೀಯ? ನೀನೇ ಹೇಳು. ನಿನ್ನ ಬಾಯಿಂದ ಕೇಳಿದ್ರೆ ಅವರಿಗೆ... ರಿಂಗ್ ಆಗ್ತಿದೆ. ಒಂದು ಮಾತಾಡೇ, ಏನು ಹೇಳಲಿ ಅಂತಾದ್ರೂ...

ಹಲೋ. ಹೌದು, ನಾನೇ. ಇಲ್ಲೇ ಇದ್ದಾಳೆ, ನನ್ನ ಎದುರಿಗೇ... ಇಲ್ಲ, ಮಾತಾಡ್ತಿಲ್ಲ. ನೀವು ಮಲಗೇ ಇರಿ, ಏಳಬೇಡಿ. ಕೇಳಿ... ನೀವು ಗೇರ್ ಮುಟ್ಟಲಿಲ್ಲ. ನನಗೆ ಗೊತ್ತು. ಅವತ್ತು ನಿಮ್ಮ ಕೈ ಹಿಡ್ಕೊಂಡು ಕೂತಿದ್ದಾಗಲೂ ಗೊತ್ತಿತ್ತು.